ನೋವೇ ಇಲ್ಲ, ಇನ್ನು ರೂಟ್ ಕೆನಾಲ್ ಯಾಕೆ?

ಪ್ರಶ್ನೆ: ಡಾಕ್ಟರೇ, ನಮ್ಮದು ಪಾಂಡವಪುರದ ಹತ್ತಿರ ಒಂದು ಹಳ್ಳಿ. ನನಗೆ 44 ವರ್ಷ. ಶುಗರ್ ಇದೆ, ಮಾತ್ರೆ ತಗೋತೀನಿ. ಹೋದ ತಿಂಗಳು ಬಲಗಡೆ ಕೆಳಗಿನ ದವಡೆ ಹಲ್ಲು ಎರಡು ರಾತ್ರಿ ನಿದ್ದೆ ಕೊಡಲಿಲ್ಲ. ಬಿಸಿ ಕಾಫಿ ತಾಗಿದರೆ ಪ್ರಾಣ ಹೋದ ಹಾಗೆ. ತಣ್ಣೀರು ಬಾಯಲ್ಲಿ ಇಟ್ಟುಕೊಂಡರೆ ಸ್ವಲ್ಪ ಸಮಾಧಾನ. ಮೆಡಿಕಲ್ ಸ್ಟೋರಿನಲ್ಲಿ ಕೊಟ್ಟ ಮಾತ್ರೆ ಐದು ದಿನ ನುಂಗಿದೆ, ನೋವು ಪೂರ್ತಿ ಹೋಯಿತು. ಆಮೇಲೆ ಮಂಡ್ಯದಲ್ಲಿ ತೋರಿಸಿದರೆ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕು ಅಂದರು. ನೋವೇ ಇಲ್ಲದಿದ್ದಾಗ ಯಾಕೆ? ನಮ್ಮತ್ತೆ ಸುಮ್ನೆ ಕೀಳಿಸಿಬಿಡು ಅಂತಾರೆ. ಪಕ್ಕದ ಮನೆಯವರು ರೂಟ್ ಕೆನಾಲ್ ಮಾಡಿಸಿದ ಹಲ್ಲು ಎರಡೇ ವರ್ಷಕ್ಕೆ ಕಬ್ಬು ಕಚ್ಚುವಾಗ ಒಡೆದುಹೋಯಿತು. ಹಾಗಾದರೆ ದುಡ್ಡು ದಂಡ ಅಲ್ವಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಆ ತಣ್ಣೀರಿನ ಮಾತು ಬಂದ ಕೂಡಲೇ ನನಗೆ ಅರ್ಧ ವಿಷಯ ಗೊತ್ತಾಯಿತು. ಮೈಸೂರಿನ ನನ್ನ ಕ್ಲಿನಿಕ್ಕಿಗೆ ನಿಮ್ಮ ಕಡೆಯಿಂದ ಬರುವವರಲ್ಲಿ ಕೆಲವರು ಕೈಯಲ್ಲಿ ನೀರಿನ ಬಾಟಲಿ ಹಿಡಿದೇ ಒಳಗೆ ಬರುತ್ತಾರೆ. ಒಂದು ಗುಟುಕು ಬಾಯಿಗೆ ಹಾಕಿ ಆ ಹಲ್ಲಿನ ಮೇಲೆ ನಿಲ್ಲಿಸಿಕೊಳ್ಳುತ್ತಾರೆ, ಮಾತಾಡಬೇಕಾದರೆ ನುಂಗುತ್ತಾರೆ, ಮಾತು ಮುಗಿದ ಕೂಡಲೇ ಮತ್ತೆ ಒಂದು ಗುಟುಕು. ಬಸ್ಸು ಇಳಿಯುವಷ್ಟರಲ್ಲೇ ಅರ್ಧ ಬಾಟಲಿ ಖಾಲಿಯಾಗಿರುತ್ತದೆ. ಬಿಸಿಗೆ ನೋವು ಏರಿ ತಣ್ಣೀರಿಗೆ ಇಳಿದರೆ, ಹಲ್ಲಿನ ಒಳಗಿನ ಜೀವ ಕೊನೆಯ ಹಂತದಲ್ಲಿದೆ ಅಂತ ಅರ್ಥ. ತಣ್ಣಗಿನದು ತಾಗಿದಾಗ ಜುಮ್ಮೆಂದು ಎರಡು ಸೆಕೆಂಡಿನಲ್ಲಿ ಹೋದರೆ ಅದು ಬೇರೆ. ಅಂಥ ಹಲ್ಲಿಗೆ ಹುಳುಕು ತೆಗೆದು ಸಿಮೆಂಟ್ ಹಾಕಿದರೆ ಸಾಕಾಗುತ್ತದೆ. ತಾಗಿದ ನೋವು ಅರ್ಧ ನಿಮಿಷ ದಾಟಿಯೂ ನಿಂತರೆ, ಏನೂ ತಾಗದೆ ರಾತ್ರಿ ತಾನಾಗೇ ಶುರುವಾದರೆ, ಸಿಮೆಂಟಿನ ಕಾಲ ಮುಗಿಯಿತು ಅಂತಲೇ ತಿಳಿಯಿರಿ.

ಯಾಕೆ ಹೀಗಾಗುತ್ತದೆ ಅಂತ ಹೇಳಿಬಿಡುತ್ತೇನೆ. ಹಲ್ಲಿನ ಹೊರಗಿನ ಬಿಳಿ ಪದರ ಎನಾಮಲ್, ನಮ್ಮ ಮೈಯಲ್ಲೇ ಅದಕ್ಕಿಂತ ಗಟ್ಟಿ ವಸ್ತು ಇನ್ನೊಂದಿಲ್ಲ. ಅದರ ಕೆಳಗೆ ಹಳದಿ ಬಣ್ಣದ ಡೆಂಟಿನ್. ನಡುವೆ ಒಂದು ಪುಟ್ಟ ಕೋಣೆ. ಅಲ್ಲಿರುವುದನ್ನು ನಮ್ಮ ಜನ 'ನರ' ಅಂತಾರೆ, ಆದರೆ ಅಲ್ಲಿ ನರದ ಜೊತೆ ರಕ್ತನಾಳಗಳೂ ಇವೆ, ಮೆತ್ತಗಿನ ಮಾಂಸವೂ ಇದೆ. ಅದಕ್ಕೆ ಪಲ್ಪ್ ಅಂತ ಹೆಸರು. ಕೈಗೆ ಮುಳ್ಳು ಚುಚ್ಚಿದರೆ ಬೆರಳು ಊದಿಕೊಳ್ಳುತ್ತದೆ, ಊದಲು ಅಲ್ಲಿ ಜಾಗ ಇದೆ. ಹಲ್ಲಿನೊಳಗೆ ಹುಳುಕು ಇಳಿದು ಪಲ್ಪ್ ಊದಲು ಹೊರಟರೆ ಸುತ್ತ ನಾಲ್ಕೂ ಕಡೆ ಕಲ್ಲಿನಂಥ ಗೋಡೆ. ಒತ್ತಡ ಒಳಗೇ ಏರುತ್ತದೆ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಇನ್ನೂ ಸ್ವಲ್ಪ ಜಾಸ್ತಿಯಾಗುವುದರಿಂದ, ಹಗಲೆಲ್ಲ ಹೇಗೋ ತಡೆದುಕೊಂಡಿದ್ದವರು ರಾತ್ರಿ ಎದ್ದು ಕೂತು ಗೋಡೆಗೆ ಒರಗಿಕೊಂಡು ಬೆಳಗು ಮಾಡುತ್ತಾರೆ. ನೀವೂ ಹಾಗೇ ಮಾಡಿರುತ್ತೀರಿ.

ಇನ್ನು ಆ ಐದು ದಿನದ ಮಾತ್ರೆ. ಅದರಿಂದ ವಾಸಿಯಾಯಿತು ಅಂತ ನಿಮಗೆ ಅನಿಸಿದೆ, ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೆ ಒತ್ತಡ ತಡೆಯಲಾರದೆ ಪಲ್ಪ್ ಸತ್ತುಹೋದರೂ ನೋವು ನಿಲ್ಲುತ್ತದೆ. ನೋವು ಹೇಳಬೇಕಾದ ನರವೇ ಇಲ್ಲವಲ್ಲ. ನಿಮ್ಮ ಹಲ್ಲಿನಲ್ಲಿ ಬಹುಶಃ ಆಗಿರುವುದು ಅದೇ. ಮಾತ್ರೆ ರಕ್ತದ ಮೂಲಕ ಹೋಗಿ ಕೆಲಸ ಮಾಡಬೇಕು. ಸತ್ತ ಪಲ್ಪಿಗೆ ರಕ್ತವೇ ಹೋಗುವುದಿಲ್ಲ. ಹಾಗಾಗಿ ಎಷ್ಟು ಆ್ಯಂಟಿಬಯೋಟಿಕ್ ನುಂಗಿದರೂ ಒಳಗಿನ ಕೊಳೆ ಅಲ್ಲೇ ಇರುತ್ತದೆ. ಅಮೆರಿಕದ ದಂತವೈದ್ಯರ ಸಂಘ 2019ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ, ಮೈಯಲ್ಲಿ ಬೇರೆ ತೊಂದರೆ ಇಲ್ಲದ ದೊಡ್ಡವರಿಗೆ ಇಂಥ ಹಲ್ಲುನೋವಿಗೆ ಸಾಮಾನ್ಯವಾಗಿ ಆ್ಯಂಟಿಬಯೋಟಿಕ್ ಬೇಡ, ಹಲ್ಲಿಗೇ ಚಿಕಿತ್ಸೆ ಮಾಡಿ ಅಂತ ಹೇಳಿದ್ದಾರೆ. ಜ್ವರ ಬಂದು ಮುಖ ಊದಿದ್ದರೆ ಮಾತ್ರೆ ಬೇಕು, ಆಗಲೂ ಹಲ್ಲಿನ ಕೆಲಸದ ಜೊತೆಗೆ. ಮೆಡಿಕಲ್ ಸ್ಟೋರಿನವರು ಕೇಳಿದ್ದಕ್ಕೆ ಕೊಟ್ಟರು, ನೀವು ನೋವು ತಡೆಯಲಾರದೆ ನುಂಗಿದಿರಿ, ತಪ್ಪು ಅಂತ ನಾನು ಬೈಯುವುದಿಲ್ಲ. ಮುಂದಿನ ಸಲ ಮಾತ್ರ ಹಾಗೆ ಮಾಡಬೇಡಿ. ನೋವಿನ ಮಾತ್ರೆಯೂ ಅಷ್ಟೇ, ಶುಗರ್ ಇರುವವರ ಕಿಡ್ನಿಗೆ ಕೆಲವು ನೋವಿನ ಮಾತ್ರೆ ಆಗಿಬರುವುದಿಲ್ಲ.

ನೋವಿಲ್ಲದ ಈ ಸಮಯದಲ್ಲಿ ಒಳಗೆ ಏನು ನಡೆಯುತ್ತದೆ? ಸತ್ತ ಪಲ್ಪಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಬೇರಿನ ತುದಿಯ ತೂತಿನಿಂದ ದವಡೆ ಮೂಳೆಗೆ ಇಳಿಯುತ್ತವೆ, ಅಲ್ಲಿ ಮೂಳೆ ನಿಧಾನವಾಗಿ ಕರಗುತ್ತದೆ. ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪು ಮಚ್ಚೆಯ ಹಾಗೆ ಕಾಣುತ್ತದೆ. ಕೆಲವರಿಗೆ ಒಸಡಿನ ಮೇಲೆ ಸಣ್ಣ ಗುಳ್ಳೆ ಬರುತ್ತದೆ, ಒತ್ತಿದರೆ ಕೀವು ಬಂದು ಹೋಗುತ್ತದೆ, ನಾಲ್ಕು ದಿನಕ್ಕೆ ಮತ್ತೆ ಬರುತ್ತದೆ. ವರ್ಷಗಟ್ಟಲೆ ಅದನ್ನು ಉಷ್ಣ ಅಂದುಕೊಂಡು ಮಜ್ಜಿಗೆ ಕುಡಿಯುತ್ತಾ ಇದ್ದವರನ್ನು ನಾನು ನೋಡಿದ್ದೇನೆ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಈ ಸೋಂಕು ಬೇಗ ಹಬ್ಬುತ್ತದೆ, ಸೋಂಕು ಇದ್ದರೆ ಶುಗರ್ರೂ ಹತೋಟಿಗೆ ಬರುವುದು ಕಷ್ಟ. ಒಂದು ವಿಷಯ ದಯವಿಟ್ಟು ನೆನಪಿಟ್ಟುಕೊಳ್ಳಿ: ಗದ್ದದ ಕೆಳಗೆ ಊದಿಕೊಂಡು ಬಾಯಿ ತೆರೆಯಲು ಆಗದೆ, ನುಂಗಲು ಕಷ್ಟವಾಗಿ ಜ್ವರ ಬಂದರೆ ಹಲ್ಲಿನ ಕ್ಲಿನಿಕ್ ತೆರೆಯುವವರೆಗೆ ಕಾಯಬೇಡಿ. ರಾತ್ರಿಯಾದರೂ ಸರಿ, ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಸೀದಾ ಹೋಗಿ. ಆ ಊತ ಉಸಿರಾಟದ ದಾರಿಯನ್ನೇ ಮುಚ್ಚಬಹುದು.

ರೂಟ್ ಕೆನಾಲ್ ಅಂದರೆ ಏನು ಅಂತ ನಿಮ್ಮ ಕಡೆಯವರಿಗೆ ಹೇಳುವುದು ಸುಲಭ. ನಾಲೆ ನೋಡಿಕೊಂಡೇ ಬೆಳೆದವರು ನೀವು. ಹಲ್ಲಿನ ಬೇರಿನೊಳಗೂ ಸಣ್ಣ ಸಣ್ಣ ನಾಲೆಗಳಿವೆ, ನಾವು ನಾಳ ಅಂತೀವಿ. ಹೂಳು ತುಂಬಿ ಕೊಳೆತ ನಾಳವನ್ನು ತುದಿಯವರೆಗೆ ಕೆರೆದು, ತೊಳೆದು, ಮತ್ತೆ ಏನೂ ಸೇರದ ಹಾಗೆ ಮುಚ್ಚುವುದೇ ಈ ಚಿಕಿತ್ಸೆ. ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದೇ ನಾಳ. ನಿಮ್ಮ ಕೆಳದವಡೆ ಹಲ್ಲಿಗೆ ಎರಡು ಬೇರು, ಮೂರು ನಾಳ, ಎಷ್ಟೋ ಜನಕ್ಕೆ ನಾಲ್ಕು. ಮೇಲಿನ ದವಡೆ ಹಲ್ಲಿನಲ್ಲಿ ನಾಲ್ಕನೆಯ ನಾಳ ಒಂದು ಮೂಲೆಯಲ್ಲಿ ಅಡಗಿ ಕೂತಿರುತ್ತದೆ, ಹುಡುಕದೆ ಬಿಟ್ಟರೆ ಆಮೇಲೆ ಅಲ್ಲಿಂದಲೇ ಕೀವು ಶುರು. ಕೆಲವರಿಗೆ ಅರ್ಧ ಗಂಟೆಯಲ್ಲಿ ಮುಗಿಯುವುದು ಇನ್ನು ಕೆಲವರಿಗೆ ಎರಡು ಮೂರು ಸಲ ಕರೆಸಿಕೊಳ್ಳುವುದು ಯಾಕೆ ಅಂದರೆ ಇದಕ್ಕೇ. ಡಾಕ್ಟರು ಹೊತ್ತು ತಗೊಂಡರೆ ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಇಂಜೆಕ್ಷನ್ ಕೊಟ್ಟು ಮರಗಟ್ಟಿಸುತ್ತಾರೆ. ನೋವು ಜೋರಾಗಿರುವಾಗ ಕೆಳದವಡೆ ಹಲ್ಲು ಬೇಗ ಮರಗಟ್ಟುವುದಿಲ್ಲ, ಕೆಲವೊಮ್ಮೆ ಎರಡನೇ ಇಂಜೆಕ್ಷನ್ ಬೇಕಾಗುತ್ತದೆ. ರೂಟ್ ಕೆನಾಲ್ ಅಂದರೆ ನರಕ ಅಂತ ಹೆದರಿಸುವವರೆಲ್ಲ ಇಂಥ ದಿನ ಹೋಗಿ ಕೂತವರೇ. ನಿಮಗೆ ಈಗ ನೋವಿಲ್ಲ, ಮಾಡಿಸಿಕೊಳ್ಳಲು ಇದೇ ಒಳ್ಳೆ ಸಮಯ. ಆಮೇಲೆ ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಅಂತ ಒಂದು ತೆಳು ರಬ್ಬರ್ ಹಾಳೆ ಕಟ್ಟಬೇಕು. 1864ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಬಾರ್ನಮ್ ಅನ್ನುವ ದಂತವೈದ್ಯರು ಕಂಡುಹಿಡಿದದ್ದು. ಅಣೆಕಟ್ಟು ನೀರು ತಡೆದ ಹಾಗೆ ಅದು ಎಂಜಲು ಒಳಗೆ ಹೋಗದಂತೆ ತಡೆಯುತ್ತದೆ, ಸೂಜಿಯಂಥ ಉಪಕರಣ ಗಂಟಲಿಗೆ ಜಾರದಂತೆಯೂ ಕಾಯುತ್ತದೆ. ಎಲ್ಲ ಕಡೆ ಹಾಕುವುದಿಲ್ಲ. ನೀವು ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ನಾಳ ಕೆರೆಯುವ ಸಾಧನಕ್ಕೆ ಫೈಲ್ ಅಂತ ಹೆಸರು. ಒಂದನ್ನು ಬೆರಳ ತುದಿಯಲ್ಲಿ ಹಿಡಿದು ತೋರಿಸಿದರೆ ಎಲ್ಲರೂ ಇಷ್ಟು ಸಣ್ಣದಾ ಅಂತಾರೆ. ಉದ್ದ 21 ಅಥವಾ 25 ಮಿಲಿಮೀಟರ್, ತುದಿ ಕೂದಲಿನಷ್ಟು. ಅದರ ಮೇಲೆ ರಬ್ಬರಿನ ಸಣ್ಣ ಬಿಲ್ಲೆ ಇರುತ್ತದೆ, ಎಷ್ಟು ಆಳಕ್ಕೆ ಹೋಗಬೇಕು ಅಂತ ಅಳತೆ ಮಾಡಿ ಅಲ್ಲಿಗೆ ಸರಿಸಿಡುತ್ತೇವೆ. ಅರ್ಧ ಮಿಲಿಮೀಟರ್ ಆಚೆ ಈಚೆಯೂ ಲೆಕ್ಕಕ್ಕೆ ಬರುತ್ತದೆ. ನಡುನಡುವೆ ಸೋಡಿಯಂ ಹೈಪೋಕ್ಲೋರೈಟ್ ಹಾಕಿ ತೊಳೆಯುತ್ತಾರೆ, ಬಟ್ಟೆಗೆ ಹಾಕುವ ಬ್ಲೀಚಿನ ವಾಸನೆ ಬರುತ್ತದೆ, ಹೆದರಬೇಡಿ. ನನ್ನ ಅನುಭವದಲ್ಲಿ ಈ ತೊಳೆಯುವ ಕೆಲಸವೇ ಮುಖ್ಯ. ಫೈಲು ಮುಟ್ಟದ ಸಂದುಗಳನ್ನು ಈ ನೀರೇ ಮುಟ್ಟಬೇಕು. ಕೊನೆಗೆ ಗುಲಾಬಿ ಬಣ್ಣದ ಗಟ್ಟಾ ಪರ್ಚಾ ಕಡ್ಡಿಗಳನ್ನು ನಾಳದೊಳಗೆ ತುಂಬುತ್ತಾರೆ. ಮಲಯಾ ಕಡೆಯ ಒಂದು ಮರದ ಹಾಲಿನಿಂದ ಬಂದ ವಸ್ತು ಅದು. 19ನೇ ಶತಮಾನದಲ್ಲಿ ಸಮುದ್ರದ ತಳದಲ್ಲಿ ಹಾಕಿದ ಟೆಲಿಗ್ರಾಫ್ ತಂತಿಗೂ ಇದನ್ನೇ ಸುತ್ತಿದ್ದರು, ಉಪ್ಪುನೀರು ಒಳಗೆ ಹೋಗಬಾರದು ಅಂತ.

ಮಾಡಿಸಿದ ದಿನ ಮರಗಟ್ಟಿದ್ದು ಬಿಡುವವರೆಗೆ ಏನೂ ತಿನ್ನಬೇಡಿ, ತುಟಿ ಕೆನ್ನೆ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ, ಬಿಸಿ ಸಾರು ಸುಟ್ಟರೂ ಗೊತ್ತಾಗುವುದಿಲ್ಲ. ಆಮೇಲೆ ಎರಡು ಮೂರು ದಿನ ಕಚ್ಚಿದರೆ ಸ್ವಲ್ಪ ನೋವಿರುತ್ತದೆ. 'ನರ ತೆಗೆದ ಮೇಲೆ ನೋವು ಎಲ್ಲಿಂದ' ಅಂತ ಎಲ್ಲರೂ ಕೇಳುತ್ತಾರೆ. ಬೇರಿನ ಸುತ್ತ ಮೂಳೆಗೆ ಅಂಟಿಕೊಂಡ ಪದರದಲ್ಲಿ ಬೇರೆ ನರಗಳಿವೆ, ಅವು ಹಾಗೇ ಇರುತ್ತವೆ. ಆ ದಿನಗಳಲ್ಲಿ ನಮ್ಮ ಮುದ್ದೆಯಷ್ಟು ಒಳ್ಳೆಯ ಊಟ ಇನ್ನೊಂದಿಲ್ಲ, ಅಗಿಯುವ ಕೆಲಸವೇ ಇಲ್ಲ.

ಈಗ ನಿಮ್ಮ ಪಕ್ಕದ ಮನೆಯವರ ಹಲ್ಲಿಗೆ ಬರುತ್ತೇನೆ. ಅವರು ಕ್ಯಾಪ್ ಹಾಕಿಸಿದ್ದರಾ ಅಂತ ಒಂದು ಸಲ ವಿಚಾರಿಸಿ. ಇಲ್ಲ ಅಂತಲೇ ಉತ್ತರ ಬರುತ್ತದೆ ಅಂತ ನನ್ನ ಅಂದಾಜು.

ಇದು ನನ್ನ ಮನಸ್ಸಿಗೆ ತುಂಬ ಹತ್ತಿರದ ವಿಷಯ, ಅದಕ್ಕೇ ಒಂದು ಘಟನೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಮಳವಳ್ಳಿ ಕಡೆಯ ಒಬ್ಬ ಹಿರಿಯರು ಬೆಳಗ್ಗೆ ಬೆಳಗ್ಗೆಯೇ ಬಂದರು. ಅಂಗಿ ಜೇಬಿನಿಂದ ಮಾತ್ರೆ ಕಟ್ಟಿಕೊಡುವ ಕಾಗದದ ಪೊಟ್ಟಣ ತೆಗೆದು ಟೇಬಲ್ ಮೇಲೆ ಬಿಚ್ಚಿದರು. ಒಳಗೆ ಅರ್ಧ ಹಲ್ಲು. ಒಂದು ಪಕ್ಕ ಹಳೆಯ ಸಿಮೆಂಟು, ಇನ್ನೊಂದು ಪಕ್ಕ ಎಲೆ ಅಡಿಕೆಯ ಕಂದು ಕರೆ. ಹಿಂದಿನ ದಿನ ಬೀಗರೂಟದಲ್ಲಿ ಮೂಳೆ ಕಚ್ಚಿದಾಗ ಟಕ್ ಅಂದಿತಂತೆ. 'ಸಾ, ಇದು ನೀವೇ ಮಾಡಿದ್ ಹಲ್ಲು' ಅಂದರು. ಸಿಟ್ಟಿರಲಿಲ್ಲ ಅವರ ಮಾತಿನಲ್ಲಿ, ಬೇಜಾರಿತ್ತು. ಎಕ್ಸ್‌ರೇ ತೆಗೆದು ನೋಡಿದೆ. ಮೂರು ವರ್ಷದ ಹಿಂದೆ ನಾನು ತುಂಬಿದ ನಾಳಗಳು ಚೆನ್ನಾಗಿಯೇ ಇದ್ದವು, ಮೂಳೆಯೂ ವಾಸಿಯಾಗಿತ್ತು. ಆದರೆ ಹಲ್ಲು ಸೌದೆ ಸೀಳಿದ ಹಾಗೆ ಬೇರಿನವರೆಗೆ ಸೀಳಿಹೋಗಿತ್ತು. ಕೀಳದೆ ಬೇರೆ ದಾರಿ ಇರಲಿಲ್ಲ. 'ಕ್ಯಾಪ್ ಹಾಕಿಸಿ ಅಂದಿದ್ದೆನಲ್ಲ ಯಜಮಾನ್ರೇ' ಅಂದೆ. 'ಹಾಕಿಸಿದ್ರೆ ಒಳ್ಳೇದು ಅಂದ್ರಿ ಸಾ, ಹಾಕಿಸ್ಲೇಬೇಕು ಅನ್ಲಿಲ್ಲ' ಅಂದರು. ಅವರು ಹೇಳಿದ್ದು ನಿಜ. ನಾನು ಹಾಗೇ ಹೇಳಿದ್ದೆ. ಖರ್ಚಿನ ಮಾತು ಅಂತ ಸಂಕೋಚಪಟ್ಟು ಗಟ್ಟಿಯಾಗಿ ಹೇಳಿರಲಿಲ್ಲ. ಅವತ್ತಿನಿಂದ ಫೈಲು ಕೈಗೆ ತಗೊಳ್ಳುವ ಮೊದಲೇ ಕ್ಯಾಪಿನ ಮಾತು ಮುಗಿಸುತ್ತೇನೆ. ಕ್ಯಾಪ್ ಬೇಡ ಅಂದರೆ ದವಡೆ ಹಲ್ಲಿನ ಕೆಲಸ ಅರ್ಧಕ್ಕೇ ನಿಂತ ಹಾಗೆ ಅಂತ ನೇರವಾಗಿ ಹೇಳುತ್ತೇನೆ.

ರೂಟ್ ಕೆನಾಲ್ ಮಾಡಿದ ಹಲ್ಲು ಒಣಗಿ ಪುಡಿಯಾಗುತ್ತದೆ ಅಂತ ಒಂದು ಮಾತಿದೆ. ಒಡೆಯುವುದಕ್ಕೆ ನಿಜವಾದ ಕಾರಣ ಗೋಡೆ ಹೋಗಿರುವುದು. ಕಿತ್ತ ಹಲ್ಲುಗಳನ್ನು ಪ್ರಯೋಗಾಲಯದಲ್ಲಿ ಒತ್ತಿ ನೋಡಿದ ಒಂದು ಅಧ್ಯಯನ 1989ರಲ್ಲಿ ಬಂತು. ರೂಟ್ ಕೆನಾಲಿಗೆ ಅಂತ ನಡುವೆ ತೆಗೆದ ತೂತಿನಿಂದ ಹಲ್ಲಿನ ಬಿಗುವು ಕಡಿಮೆಯಾಗಿದ್ದು ನೂರಕ್ಕೆ 5ರಷ್ಟು ಮಾತ್ರ. ಎರಡೂ ಪಕ್ಕದ ಗೋಡೆ ಹೋಗುವ ಹಾಗೆ ಕೊರೆದಾಗ ನೂರಕ್ಕೆ 63ರಷ್ಟು ಕಡಿಮೆಯಾಯಿತು. ಅಂದರೆ ಹುಳುಕು ತಿಂದದ್ದೇ ದೊಡ್ಡ ನಷ್ಟ. ಉಳಿದ ಗೋಡೆಗಳು ಒಂದೊಂದು ಒಂದೊಂದು ಕಡೆ ವಾಲದ ಹಾಗೆ ಕ್ಯಾಪ್ ಸುತ್ತಲೂ ಹಿಡಿದುಕೊಳ್ಳುತ್ತದೆ, ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಾ ಹಾಕಿದ ಹಾಗೆ. 2004ರಲ್ಲಿ ಇನ್ನೊಂದು ದೊಡ್ಡ ಲೆಕ್ಕ ಬಂತು. ಅಮೆರಿಕದಲ್ಲಿ ಹಲ್ಲಿನ ವಿಮೆ ಇದ್ದವರ 14 ಲಕ್ಷಕ್ಕೂ ಜಾಸ್ತಿ ರೂಟ್ ಕೆನಾಲ್ ಹಲ್ಲುಗಳು, 8 ವರ್ಷದ ದಾಖಲೆ. ನೂರಕ್ಕೆ 97 ಹಲ್ಲು ಬಾಯಲ್ಲೇ ಉಳಿದಿದ್ದವು. ಕಿತ್ತವುಗಳನ್ನು ನೋಡಿದರೆ ನೂರಕ್ಕೆ 85ಕ್ಕೆ ಪೂರ್ತಿ ಕ್ಯಾಪ್ ಇರಲಿಲ್ಲ. ಪಕ್ಕದ ಮನೆಯವರ ದುಡ್ಡು ದಂಡವಾಗಿದ್ದರೆ ಬಹುಶಃ ಇಲ್ಲೇ.

ನಾಳ ತುಂಬಿದ ಮೇಲೆ ಮೇಲೆ ಇಡುವ ಬಿಳಿ ಔಷಧ ತಾತ್ಕಾಲಿಕ. ಅದು ಸವೆದು ಸೋರಿದರೆ ಕೆಲವೇ ವಾರಗಳಲ್ಲಿ ಎಂಜಲು ಒಳಗಿಳಿದು ಮಾಡಿದ್ದೆಲ್ಲ ಕೆಡುತ್ತದೆ. ಹಬ್ಬ ಮುಗೀಲಿ, ಆಲೆಮನೆ ಕೆಲಸ ಮುಗೀಲಿ ಅಂತ ಮುಂದೂಡಬೇಡಿ. ಗಟ್ಟಿ ಸಿಮೆಂಟು ತುಂಬಿ, ಹಲ್ಲನ್ನು ಸುತ್ತ ಸ್ವಲ್ಪ ಸವರಿ, ಅಚ್ಚು ತೆಗೆದು ಕ್ಯಾಪ್ ಕೂರಿಸುತ್ತಾರೆ. ಹಲ್ಲು ತುಂಬ ಹೋಗಿದ್ದರೆ ಬೇರಿನೊಳಗೆ ಪೋಸ್ಟ್ ಅಂತ ಒಂದು ಸಣ್ಣ ಕಡ್ಡಿ ಇಡುತ್ತಾರೆ. ಅದು ಮೇಲೆ ಕಟ್ಟಿದ್ದನ್ನು ಹಿಡಿದಿಡಲು ಮಾತ್ರ, ಬೇರಿಗೆ ಅದರಿಂದ ಬಲ ಬರುವುದಿಲ್ಲ. ಕ್ಯಾಪ್ ಗಟ್ಟಿಯಾಗಿ ಕೂರಲು ಒಸಡಿನ ಮೇಲೆ ಸುತ್ತಲೂ 2 ಮಿಲಿಮೀಟರಿನಷ್ಟಾದರೂ ಸ್ವಂತ ಹಲ್ಲು ಉಳಿದಿರಬೇಕು. ಹಿಂದಿನ ಹಲ್ಲಿಗೆ ಬರೀ ಲೋಹದ ಕ್ಯಾಪೂ ಆಗುತ್ತದೆ, ಖರ್ಚು ಕಡಿಮೆ, ಬಾಳಿಕೆ ಚೆನ್ನಾಗಿದೆ, ನಕ್ಕರೆ ಕಾಣುವುದಿಲ್ಲ ಅಂದರೆ ಧಾರಾಳವಾಗಿ ಹಾಕಿಸಿ. ಬಿಳಿಯೇ ಬೇಕಾದರೆ ಝಿರ್ಕೋನಿಯಾ ಇದೆ, ಲೋಹದ ಮೇಲೆ ಸೆರಾಮಿಕ್ ಹಾಕಿದ್ದೂ ಇದೆ. ಕೂರಿಸಿದಾಗ ಬಣ್ಣದ ಕಾಗದ ಕಚ್ಚಿಸಿ ನೋಡುತ್ತಾರೆ. ಒಂದು ಕೂದಲೆಳೆಯಷ್ಟು ಎತ್ತರ ಅನಿಸಿದರೂ ಅಲ್ಲೇ ಹೇಳಿಬಿಡಿ. ಮುಂದಿನ ಹಲ್ಲಿಗೆ ಹುಳುಕು ಸಣ್ಣದಿದ್ದರೆ ಎಷ್ಟೋ ಸಲ ಕ್ಯಾಪ್ ಬೇಕಾಗುವುದಿಲ್ಲ, ನಾನು ಇಷ್ಟೆಲ್ಲ ಹೇಳಿದ್ದು ಅಗಿಯುವ ಹಲ್ಲಿಗೆ.

ನಿಮ್ಮತ್ತೆ ಹೇಳಿದ್ದನ್ನೂ ನಾನು ತಳ್ಳಿಹಾಕುವುದಿಲ್ಲ. ಕೀಳಿಸಲೇಬೇಕಾದ ಹಲ್ಲುಗಳಿವೆ: ಬೇರಿನವರೆಗೆ ಸೀಳಿದ್ದು, ಒಸಡಿನ ಮಟ್ಟಕ್ಕೆ ಪೂರ್ತಿ ಕರಗಿದ್ದು, ಮೂಳೆ ಹೋಗಿ ಅಲುಗಾಡುವುದು. ಅಂಥದ್ದಕ್ಕೆ ರೂಟ್ ಕೆನಾಲ್ ಮಾಡಿದರೆ ಅದು ದಂಡವೇ. ಉಳಿಯುವ ಹಲ್ಲಾಗಿದ್ದರೆ ಕೀಳಿಸುವುದು ಅವತ್ತಿಗೆ ಮಾತ್ರ ಅಗ್ಗ. ಆ ಜಾಗಕ್ಕೆ ಹಿಂದಿನ ಹಲ್ಲು ವಾಲುತ್ತದೆ, ಮೇಲಿನ ಹಲ್ಲು ಕೆಳಗಿಳಿಯುತ್ತದೆ, ಮೂಳೆ ಸವೆಯುತ್ತದೆ. ಆಮೇಲೆ ಪಕ್ಕದ ಹಲ್ಲುಗಳ ಆಸರೆಯಲ್ಲಿ ನಿಲ್ಲುವ ಬ್ರಿಡ್ಜ್ ಹಾಕಿಸಿದರೆ ಆಚೆ ಈಚೆಯ ಎರಡು ಒಳ್ಳೆ ಹಲ್ಲು ಸವೆಸಬೇಕು, ಮೂಳೆಗೆ ಸ್ಕ್ರೂ ಕೂರಿಸಿ ಮೇಲೆ ಹಲ್ಲು ಕಟ್ಟುವ ಇಂಪ್ಲಾಂಟ್ ಆದರೆ ಕ್ಯಾಪಿಗಿಂತ ಜಾಸ್ತಿ ಖರ್ಚು, ಕೆಲವು ತಿಂಗಳ ಕೆಲಸ, ಶುಗರ್ ಹತೋಟಿಯಲ್ಲಿರಬೇಕು. ಹಾಗೇ, ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಅನ್ನುವ ಮಾತೂ ನಿಮ್ಮ ಕಿವಿಗೆ ಬಿದ್ದಿರಬಹುದು. ಅದು ಸುಳ್ಳು, ಕಣ್ಣಿಗೆ ಹೋಗುವ ನರವೇ ಬೇರೆ.

ಖರ್ಚಿನ ವಿಷಯ ನಾಚಿಕೆ ಇಲ್ಲದೆ ಕೇಳಿ. ರೂಟ್ ಕೆನಾಲ್, ಮೇಲಿನ ಸಿಮೆಂಟು, ಪೋಸ್ಟ್ ಬೇಕಾದರೆ ಅದು, ಕ್ಯಾಪ್, ಎಲ್ಲ ಬೇರೆ ಬೇರೆಯಾಗಿ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಕೊನೆಯಲ್ಲಿ ಕ್ಯಾಪಿನ ದುಡ್ಡು ಕೇಳಿ ಗಾಬರಿಯಾಗಿ ಬಿಟ್ಟುಹೋಗುವವರೇ ಜಾಸ್ತಿ. ಕ್ಲಿನಿಕ್ಕಿನ ಖರ್ಚು ಹೆಚ್ಚು ಅನಿಸಿದರೆ ಮೈಸೂರಿನ ಡೆಂಟಲ್ ಕಾಲೇಜುಗಳಿಗೆ ಹೋಗಿ ನೋಡಿ, ಜೆಎಸ್‌ಎಸ್ ಇದೆ, ಫಾರೂಖಿಯಾ ಇದೆ. ಅಲ್ಲಿ ಕಲಿಯುವವರು ಮಾಡಿದರೂ ಮೇಷ್ಟ್ರುಗಳು ಪಕ್ಕದಲ್ಲೇ ಇದ್ದು ನೋಡುತ್ತಾರೆ. ಎರಡು ಮೂರು ಸಲ ಜಾಸ್ತಿ ಓಡಾಡಬೇಕಾಗಬಹುದು ಅಷ್ಟೇ.

ನಿಮಗೆ ನಾನು ಹೇಳುವುದು, ಈ ವಾರವೇ ಒಂದು ಎಕ್ಸ್‌ರೇ ತೆಗೆಸಿ ಹಲ್ಲು ಉಳಿಯುವಂಥದ್ದಾ ಅಂತ ಮೊದಲು ಕೇಳಿ, ಉಳಿಯುತ್ತದೆ ಅಂದರೆ ಶುರು ಮಾಡಿಸಿ. ಬೆಳಗಿನ ಹೊತ್ತಿನ ಸಮಯ ತಗೊಳ್ಳಿ. ಶುಗರ್ ಇರುವವರು ಖಾಲಿ ಹೊಟ್ಟೆಯಲ್ಲಿ ಕುರ್ಚಿ ಮೇಲೆ ಕೂರಬಾರದು, ತಿಂಡಿ ತಿಂದು ಮಾತ್ರೆ ತಗೊಂಡೇ ಹೊರಡಿ. ಇತ್ತೀಚಿನ ಶುಗರ್ ರಿಪೋರ್ಟು, ಮೆಡಿಕಲ್ ಸ್ಟೋರಿನವರು ಕೊಟ್ಟ ಮಾತ್ರೆಯ ಖಾಲಿ ಸ್ಟ್ರಿಪ್ಪು, ಎರಡನ್ನೂ ಚೀಲಕ್ಕೆ ಹಾಕಿಕೊಳ್ಳಿ.